ದರೋಡೆಯ ಹಾದಿಯಿಂದ ಹದೀಸ್ ಮಜ್ಲಿಸಿಗೆ

ಹಿಜರಿ 2ನೆಯ ಶತಮಾನದಲ್ಲಿ ಖುರಾಸಾನಿನ ಅಬೀವರ್ದ್ ಮತ್ತು ಸರಖ್ಸ್ ನಡುವಣ ಹಾದಿಯಲ್ಲಿ ಯಾತ್ರಿಕರು ಒಬ್ಬ ದರೋಡೆಕೋರನಿಗೆ ಹೆದರಿ ರಾತ್ರಿ ಪಯಣಿಸಲು ಅಂಜುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಒಂದು ರಾತ್ರಿ ಗೋಡೆ ಹತ್ತುತ್ತಿದ್ದ ಅವನ ಕಿವಿಗೆ ಸೂರಃ ಅಲ್ ಹದೀದ್‌ನ 16ನೆಯ ಸೂಕ್ತ ಬಿತ್ತು. ಅಲ್ಲಿಂದಲೇ ತೌಬಾ ಮಾಡಿ ಮರಳಿದನು. ಅವರೇ ಹಝ್ರತ್ ಫುಝೈಲ್ ಇಬ್ನು ಇಯಾಝ್(ರ). ಕೂಫಾದಲ್ಲಿ ವಿದ್ಯೆ ಕಲಿತು ಮಕ್ಕಾದಲ್ಲಿ ನೆಲೆಸಿದ ಅವರು ಹಿಜರಿ 187ರಲ್ಲಿ (ಕ್ರಿ.ಶ. 803) ನಿಧನರಾದರು.

ಇಲ್ಲಿ ಗಮನಾರ್ಹವಾದುದು ಸಮುದಾಯದ ನಡತೆ. ಹದೀಸ್ ವಿದ್ವಾಂಸರು ವರದಿಗಾರನ ಪ್ರಾಮಾಣಿಕತೆಯನ್ನು ಕಠಿಣವಾಗಿ ಪರೀಕ್ಷಿಸುತ್ತಿದ್ದರು. ಆದರೂ ಫುಝೈಲರ ಗತಜೀವನ ಅವರ ಮಾತಿಗೆ ಅಡ್ಡಿಯಾಗಲಿಲ್ಲ. ಇಮಾಮ್ ಬುಖಾರಿ(ರ) ಮತ್ತು ಇಮಾಮ್ ಮುಸ್ಲಿಮ್(ರ) ಇಬ್ಬರ ಸಂಗ್ರಹಗಳಲ್ಲೂ ಅವರ ವರದಿಗಳಿವೆ.

ಇಂದು ಅಮೆರಿಕದ ಷಿಕಾಗೋ ನಗರದಲ್ಲಿ ಮುಸ್ಲಿಮರು ಕಟ್ಟಿದ 'ಐಮ್ಯಾನ್' ಸಂಸ್ಥೆ ಇದೇ ಹಾದಿಯಲ್ಲಿದೆ. ಸೆರೆಯಿಂದ ಮರಳಿದವರು ಅಲ್ಲಿ ಕಟ್ಟಡದ ಕೆಲಸ ಕಲಿತು, ಪಾಳುಬಿದ್ದ ಮನೆಗಳನ್ನು ವಾಸಯೋಗ್ಯವಾಗಿಸುತ್ತಾರೆ. ಸ್ವತಃ ಸೆರೆವಾಸ ಕಂಡವರೂ ಅವರ ಮಾರ್ಗದರ್ಶಕರಲ್ಲಿದ್ದಾರೆ.

ನಮ್ಮ ಮೊಹಲ್ಲಾಗಳಿಗೂ ಸೆರೆಯಿಂದ ಮರಳುವವರಿದ್ದಾರೆ. ನಮಾಝಿನ ಸಫ್ಫಿನಲ್ಲಿ ಅವರ ಹೆಗಲಿಗೆ ಹೆಗಲು ತಾಗಿಸುವ ನಾವು ಅಂಗಡಿಯಲ್ಲಿ ಕೆಲಸ ಕೊಡಲು ಹಿಂಜರಿಯುತ್ತೇವೆ. ತೌಬಾ ಮಾಡಿದವನ ಹಳೆಯ ಲೆಕ್ಕವನ್ನು ಮತ್ತೆ ತೆರೆಯಲು ನಾವು ಯಾರು?