ಒಂದೇ ಕಾರು, ಎರಡು ಸಂಖ್ಯೆ

1968ರಲ್ಲಿ ಫ್ರಾನ್ಸಿನ ಲೆ ಮಾನ್ ಊರಿನ 24 ಗಂಟೆಗಳ ಓಟ ಗೆದ್ದ ಫೋರ್ಡ್ ಜಿಟಿ40 ಕಾರಿನ ಮೈಮೇಲೆ 9 ಎಂಬ ಸಂಖ್ಯೆಯಿತ್ತು. 1969ರಲ್ಲಿ ಗೆದ್ದ ಜಿಟಿ40 ಮೇಲೆ 6 ಇತ್ತು. ಇವು ಎರಡು ಕಾರುಗಳಲ್ಲ, 1075 ಎಂಬ ಚಾಸಿ ಸಂಖ್ಯೆಯ ಒಂದೇ ಕಾರು. ಎರಡು ವರ್ಷವೂ ಗಲ್ಫ್ ತೈಲ ಕಂಪನಿಯ ತಿಳಿನೀಲಿ ಮತ್ತು ಕಿತ್ತಳೆ ಬಣ್ಣವೇ. ಓಡಿಸಿದವರು ಮಾತ್ರ ಬೇರೆ: ಮೊದಲ ಸಲ ಪೆಡ್ರೊ ರೊಡ್ರಿಗೆಸ್ ಮತ್ತು ಲೂಸಿಯನ್ ಬಿಯಾಂಕಿ, ಮರುವರ್ಷ ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್.

ಈ ಕಾರಿನ ಪುಟ್ಟ ಮಾದರಿಯನ್ನು ಕಪಾಟಿನಲ್ಲಿಡುವವರಿಗೆ ಅದು ಯಾವ ವರ್ಷದ ಕಾರು ಎಂದು ಮೊದಲು ಹೇಳುವುದು ಅದರ ಮೇಲಿನ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳುವಾದ ಚಿತ್ರಪೊರೆ. 9ನ್ನು ತಲೆಕೆಳಗು ಮಾಡಿದರೆ 6 ಆಗುತ್ತದೆ, ನಿಜ. ಆದರೆ ಇತಿಹಾಸ ಅಷ್ಟು ಸುಲಭವಾಗಿ ತಿರುಗುವುದಿಲ್ಲ. ಚಾಲಕರ ಹೆಸರಿನಂಥ ಸಣ್ಣ ಅಕ್ಷರಗಳೂ ಬದಲಾಗಬೇಕು.

ಈ ವಿದ್ಯೆ ಹುಟ್ಟಿದ್ದು ಕಾರಿಗಾಗಿ ಅಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಪಿಂಗಾಣಿಯ ಮೇಲೆ ಕೈಯಲ್ಲಿ ಚಿತ್ರ ಬರೆಯುವ ಬದಲು ಕಾಗದದಿಂದ ಅಚ್ಚು ವರ್ಗಾಯಿಸುವ ಉಪಾಯ ಬಂತು. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಆರು ಗಂಟೆಯೊಳಗೆ 1,200ಕ್ಕೂ ಹೆಚ್ಚು ಹೆಂಚುಗಳಿಗೆ ಚಿತ್ರ ಅಚ್ಚಿಸಿದ್ದಾಗಿ 1756ರಲ್ಲಿ ಪ್ರಮಾಣ ಮಾಡಿ ಹೇಳಿದರು. ಹೆಸರು ಬಂದದ್ದು ಫ್ರೆಂಚಿನಿಂದ. ಪಡಿಯಚ್ಚು ತೆಗೆ ಎಂಬರ್ಥದ ಕ್ರಿಯಾಪದದಿಂದ ‘ಡೆಕಾಲ್ಕೊಮೇನಿಯಾ’ ಹುಟ್ಟಿತು, ಬಾಯಲ್ಲಿ ಸವೆದು ‘ಡೆಕಾಲ್’ ಉಳಿಯಿತು.

ಅಳತೆಗಳಿಗೂ ಹಳೆಯ ಕಥೆಯಿದೆ. 1:43 ಎಂಬ ವಿಚಿತ್ರ ಪ್ರಮಾಣ ಬಂದದ್ದು ಆಟದ ರೈಲಿನಿಂದ. ಬ್ರಿಟನ್ನಿನ ಮಾದರಿ ರೈಲುಗಳಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕವಿತ್ತು. ಆ ನಿಲ್ದಾಣಗಳ ಪಕ್ಕ ನಿಲ್ಲಿಸಲು ಕಾರುಗಳೂ ಅದಕ್ಕೆ ಹೊಂದಬೇಕಾಯಿತು. 1:24 ಇನ್ನೂ ಸರಳ: ಒಂದು ಅಡಿಗೆ ಅರ್ಧ ಇಂಚು.

ಡೆಕಾಲನ್ನು ತಾವೇ ಮಾಡಿಕೊಳ್ಳುವವರು ಹಳೆಯ ಫೋಟೊದಿಂದಲೇ ಲೆಕ್ಕ ಹಾಕಬೇಕು. ಜಿಟಿ40ಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರ 95 ಇಂಚು, ಅಂದರೆ 2,413 ಮಿ.ಮೀ. 1:24ರ ಮಾದರಿಯಲ್ಲಿ ಅದು 100.5 ಮಿ.ಮೀ. ನೇರ ಪಕ್ಕದಿಂದ ತೆಗೆದ ಫೋಟೊದಲ್ಲಿ ಆ ಅಂತರ 200 ಮಿ.ಮೀ., ಸಂಖ್ಯೆಯ ಸುತ್ತಲಿನ ಬಿಳಿ ವೃತ್ತ 38 ಮಿ.ಮೀ. ಎಂದಿಟ್ಟುಕೊಳ್ಳಿ. ಆಗ ವೃತ್ತದ ಅಳತೆ ಸುಮಾರು 19 ಮಿ.ಮೀ. ಅದೇ ಹಾಳೆಯನ್ನು 1:43ಕ್ಕೆ ಇಳಿಸಲು 56 ಶೇಕಡಾ ಗಾತ್ರದಲ್ಲಿ ಮುದ್ರಿಸಿದರಾಯಿತು. ಆದರೆ ಕಾರಿನ ಮೇಲಿನ ಒಂದಿಂಚಿನ ಅಕ್ಷರ ಅಲ್ಲಿ 0.6 ಮಿ.ಮೀ. ಕೂಡ ಇರುವುದಿಲ್ಲ, ಇಂಚಿಗೆ 600 ಚುಕ್ಕೆ ಹಾಕುವ ಪ್ರಿಂಟರಿಗೆ ಅದು ಬರೀ 14 ಚುಕ್ಕೆ. ಮೈ ಬಾಗಿದ ಕಡೆ ಫೋಟೊ ಮೋಸ ಮಾಡುತ್ತದೆ. ಅಲ್ಲಿ ಮಾದರಿಯ ಮೇಲೆಯೇ ಮಾಸ್ಕಿಂಗ್ ಟೇಪ್ ಅಂಟಿಸಿ, ಗುರುತು ಹಾಕಿ, ಬಿಡಿಸಿ ಅಳೆಯುವುದೇ ದಾರಿ.

ಇನ್ನೊಂದು ತೊಡಕು ಬಿಳಿ ಬಣ್ಣ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಕಾಗದವೇ ಬಿಳಿ ಎಂದು ಅದು ನಂಬಿದೆ. ಪಾರದರ್ಶಕ ಪೊರೆಯ ಮೇಲೆ ಮುದ್ರಿಸಿದ ಹಳದಿ, ನೀಲಿ ಕಾರಿನ ಮೇಲೆ ಹಸಿರಾಗುತ್ತದೆ. 1990ರ ದಶಕದಲ್ಲಿ ಜಪಾನಿನ ಆಲ್ಪ್ಸ್ ಕಂಪನಿಯ ಎಂಡಿ ಪ್ರಿಂಟರುಗಳು ಬಿಳಿಯನ್ನೂ ಲೋಹದ ಬಣ್ಣಗಳನ್ನೂ ಮುದ್ರಿಸಿದವು. ಅವುಗಳ ತಯಾರಿಕೆ ನಿಂತ ಮೇಲೂ ಹವ್ಯಾಸಿಗಳು ಹಳೆಯ ಯಂತ್ರಗಳನ್ನು ಜೋಪಾನ ಮಾಡಿಕೊಂಡು ಬಂದದ್ದು ಅದಕ್ಕೇ.

ಇಷ್ಟೆಲ್ಲ ಯಾಕೆ, ಕಿಟ್ಟಿನೊಳಗೇ ಡೆಕಾಲ್ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಆದರೆ ಕೆಲವು ಹೆಸರುಗಳು ಬರುವುದಿಲ್ಲ. 1968ರಲ್ಲಿ ಲೋಟಸ್ ತಂಡ ತನ್ನ ಹಸಿರು-ಹಳದಿ ಬಿಟ್ಟು ಗೋಲ್ಡ್ ಲೀಫ್ ಸಿಗರೇಟಿನ ಕೆಂಪು, ಬಿಳಿ, ಬಂಗಾರದ ಬಣ್ಣ ತೊಟ್ಟಿತು. 1972ರಲ್ಲಿ ಎಮರ್ಸನ್ ಫಿಟಿಪಾಲ್ಡಿ ವಿಶ್ವ ಚಾಂಪಿಯನ್ ಆದದ್ದು ಜಾನ್ ಪ್ಲೇಯರ್ ಸ್ಪೆಷಲ್ ಸಿಗರೇಟಿನ ಕಪ್ಪು-ಬಂಗಾರದ ಲೋಟಸ್‌ನಲ್ಲಿ. ಮುಂದೆ ತಂಬಾಕಿನ ಜಾಹೀರಾತಿನ ಮೇಲೆ ಕಾನೂನುಗಳು ಬಿಗಿಯಾದವು. ಅನೇಕ ಕಿಟ್‌ಗಳಿಂದ ಆ ಹೆಸರುಗಳು ಮಾಯವಾದವು. ಬಣ್ಣ ಉಳಿಯಿತು, ಆ ಬಣ್ಣ ಯಾಕೆ ಬಂತು ಎಂಬುದು ಹೋಯಿತು.

ಅನುವಾದದ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಮೂಲದಲ್ಲಿರುವ ಅಹಿತಕರ ಮಾತನ್ನು ಬಿಟ್ಟರೆ ಓದು ಹಗುರಾಗುತ್ತದೆ, ಮೂಲ ಮಾತ್ರ ಸುಳ್ಳಾಗುತ್ತದೆ. ಮಕ್ಕಳ ಆಟಿಕೆಯ ಮೇಲೆ ಸಿಗರೇಟಿನ ಹೆಸರು ಬೇಡವೇ ಬೇಡ. ಆದರೆ ದೊಡ್ಡವರೊಬ್ಬರು 1972ರ ಕಾರು ಎಂದು ಕಪಾಟಿನಲ್ಲಿ ಇಡುವ ಮಾದರಿಯ ಮೇಲೆ ಆ ಹೆಸರು ಇರಬೇಕು. ಆ ಓಟಗಳಿಗೆ ಹಣ ಎಲ್ಲಿಂದ ಬಂತು ಎಂಬುದು ಇಂಜಿನ್ನಿನಷ್ಟೇ ಆ ಕಾರಿನ ಭಾಗ. ಅದನ್ನು ಅಳಿಸಿದರೆ ತಂಬಾಕು ಕಂಪನಿಗಳಿಗೆ ಶಿಕ್ಷೆಯಾಗುವುದಿಲ್ಲ. ಅವರ ಗುರುತು ಸದ್ದಿಲ್ಲದೆ ಅಳಿದುಹೋಗುತ್ತದೆ, ಅಷ್ಟೆ.