ದಕ್ಷಿಣ ಕ್ಯಾಲಿಫೋರ್ನಿಯಾದ ಹಿತ್ತಿಲಲ್ಲಿ ಗಸಗಸೆ ಹಣ್ಣಿನ ಮರ

ಕರ್ನಾಟಕದ ಮಕ್ಕಳು ಗಸಗಸೆ ಹಣ್ಣೆಂದು ಆರಿಸಿ ತಿನ್ನುವ ಮುಂಟಿಂಜಿಯಾ ಕಲಬುರ, 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಹೆಸರಿಸಿದ ಉಷ್ಣವಲಯ ಅಮೆರಿಕದ ಸಸ್ಯವಾಗಿದ್ದು, ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ಫಿಲಿಪೀನ್ಸ್‌ಗೆ ದಾಟಿ, ಮುಂದೆ ಏಷ್ಯಾದ ಬಹುಭಾಗಕ್ಕೆ ಹರಡಿತು. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ಪ್ರದೇಶದಲ್ಲಿ ಇಂಥ ಅಪರೂಪದ ಹಣ್ಣುಗಳನ್ನು ಮನೆಯಂಗಳದಲ್ಲಿ ಬೆಳೆಯುವ ಹವ್ಯಾಸಕ್ಕೆ ಸಂಘಟಿತ ಬಲ ದೊರೆತದ್ದು 1968ರಲ್ಲಿ, ಪಾಲ್ ಥಾಮ್ಸನ್ ಹಾಗೂ ಜಾನ್ ರೈಲಿ ಕ್ಯಾಲಿಫೋರ್ನಿಯಾ ರೇರ್ ಫ್ರೂಟ್ ಗ್ರೋಯರ್ಸ್ ಸಂಘವನ್ನು ಸ್ಥಾಪಿಸಿದಾಗ. ಬೀಜ, ಸಸಿ, ಕಸಿಕಡ್ಡಿಗಳನ್ನು ಕೈಯಿಂದ ಕೈಗೆ ದಾಟಿಸಿದ ಈ ಹವ್ಯಾಸಿಗಳ ಶ್ರಮ ತೋಟಗಾರಿಕೆಯ ಚರಿತ್ರೆಯಲ್ಲಿ ಇನ್ನೂ ದೊಡ್ಡ ಸ್ಥಾನಕ್ಕೆ ಅರ್ಹವಾದುದು. ಬೀಜದಿಂದ ಎದ್ದ ಗಸಗಸೆ ಹಣ್ಣಿನ ಗಿಡ ಎರಡೇ ವರ್ಷಗಳಲ್ಲಿ ಫಲ ಬಿಡಬಲ್ಲದು. ಐದೆಸಳಿನ ಬಿಳಿ ಹೂ ಒಂದೇ ದಿನ ಅರಳಿ ಉದುರಿದ ಬಳಿಕ, ಗೋಲಿಯಂಥ ಕೆಂಪು ಹಣ್ಣು ರೆಂಬೆಯಡಿಯಲ್ಲಿ ತೂಗುತ್ತದೆ. ಆದರೆ ಇಬ್ಬನಿಯೂ ಹೆಪ್ಪುಗಟ್ಟುವ ರಾತ್ರಿಗಳನ್ನು ಎಳೆಯ ಗಿಡ ತಾಳಲಾರದಾದ್ದರಿಂದ, ಒಳನಾಡಿನ ಕಣಿವೆಗಳಿಗಿಂತ ಕರಾವಳಿಗೆ ಹತ್ತಿರದ ಬೆಚ್ಚನೆಯ ಹಿತ್ತಿಲುಗಳೇ ಇದಕ್ಕೆ ಹೆಚ್ಚು ಸೂಕ್ತ.