ಒಂಬತ್ತನೇ ಕರೆಗೆ ಬಹುಮಾನ

ಆರ್‌ಪಿಸಿ ಲೇಔಟಿನಲ್ಲಿ ಇಪ್ಪತ್ತೈದು ವರ್ಷಗಳ ಹಿಂದೆ ಇದ್ದವರಿಗೆ ದಿನಸಿ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದ ಕಾಯಿನ್ ಬಾಕ್ಸ್ ಫೋನ್ ನೆನಪಿರಬೇಕು. ಆಚೆಯವರು ಎತ್ತಿದ ಮೇಲಷ್ಟೇ ಅದು ಒಂದು ರೂಪಾಯಿ ನುಂಗುತ್ತಿತ್ತು. ಎಂಗೇಜ್ ಬಂದರೆ ನಾಣ್ಯ ಅಂಗೈಯಲ್ಲೇ ಉಳಿಯುತ್ತಿತ್ತು. ಎಫ್‌ಎಂನವರು ‘ಈಗಲೇ ಕರೆ ಮಾಡಿ, ಒಂಬತ್ತನೆಯವರಿಗೆ ಸಿನಿಮಾ ಟಿಕೆಟ್’ ಎಂದರೆ ಸಾಕು, ಹುಡುಗರು ಬೆವರಿದ ನಾಣ್ಯ ಹಿಡಿದು ಅಲ್ಲಿ ಸಾಲುಗಟ್ಟುತ್ತಿದ್ದರು. ಬೇಳೆ ಕೊಳ್ಳಲು ಬಂದವರು ಅತ್ತಿತ್ತ ಸರಿಯಬೇಕಿತ್ತು.

ಎಸ್‌ಎಂಎಸ್, ವಾಟ್ಸ್‌ಆ್ಯಪ್‌ಗಳ ಭರಾಟೆಯಲ್ಲಿ ಮೂಲೆ ಸೇರಿದ್ದ ಈ ಆಟವನ್ನು ಪ್ರಸಾರಕರು ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಾರೆ. ಅದರ ಪೂರ್ವಾಪರ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. ಅದರ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ಬೆಂಗಳೂರಿನಿಂದಲೇ.

ಅಮೆರಿಕದಲ್ಲಿ ಮೊದಲಿಗೆ ಕರೆ ಮಾಡುತ್ತಿದ್ದವರು ಶ್ರೋತೃಗಳಲ್ಲ, ರೇಡಿಯೊದವರೇ. 1939ರಲ್ಲಿ ಎನ್‌ಬಿಸಿಯ ‘ಪಾಟ್ ಓ ಗೋಲ್ಡ್’ ಕಾರ್ಯಕ್ರಮದಲ್ಲಿ ಚಕ್ರ ತಿರುಗಿಸಿ ಬಂದ ದೂರವಾಣಿ ಸಂಖ್ಯೆಗೆ ಕರೆ ಹೋಗುತ್ತಿತ್ತು. ಎತ್ತಿಕೊಂಡವರಿಗೆ ಸಾವಿರ ಡಾಲರ್. 1948ರಲ್ಲಿ ಎಬಿಸಿಯ ‘ಸ್ಟಾಪ್ ದ ಮ್ಯೂಸಿಕ್’ ಬಂದು ಹುಚ್ಚು ಇನ್ನಷ್ಟು ಹೆಚ್ಚಿತು. ಇದು ಲಾಟರಿಯೇ ಎಂದು ಅಲ್ಲಿನ ಸಂಪರ್ಕ ಆಯೋಗ 1949ರಲ್ಲಿ ನಿಷೇಧಕ್ಕೆ ನಿಯಮ ಮಾಡಿತು. ಆದರೆ ಮನೆಯಲ್ಲಿ ಕೂತು ರೇಡಿಯೊ ಕೇಳುವುದು ಹಣ ತೆತ್ತಂತಾಗುವುದಿಲ್ಲ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಆಯೋಗದ ವಾದವನ್ನು ತಳ್ಳಿಹಾಕಿತು. ಬಹುಮಾನ, ಅದೃಷ್ಟ, ತೆತ್ತ ಹಣ, ಈ ಮೂರೂ ಕೂಡಿದರೆ ಲಾಟರಿ. ಒಂದು ಕಳಚಿದರೂ ಅಲ್ಲ.

ನಮ್ಮಲ್ಲಿ ಆಗ ಫೋನೇ ಅಪರೂಪ. ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಶುರುವಾದದ್ದು 1948ರಲ್ಲಿ. ಅದು ನೆಲೆಸಿದ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ಬಿತ್ತು. ಮನೆಮನೆಗೆ ಆ ಕಪ್ಪು ಯಂತ್ರ ಬರಲು ದಶಕಗಳೇ ಹಿಡಿದವು. ಹಾಗಾಗಿ ಮೆಚ್ಚಿನ ಗೀತೆಯ ಕೋರಿಕೆಯೂ ಪೋಸ್ಟ್ ಕಾರ್ಡಿನಲ್ಲಿ ಹೋಯಿತು, ಬಹುಮಾನದ ಆಸೆಯೂ ಅಂಚೆಯಲ್ಲೇ ಹೋಯಿತು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಆರ್‌.ಎಂ.ಡಿ. ಚಮಾರ್‌ಬಾಗ್‌ವಾಲಾ ಅವರು ನಡೆಸುತ್ತಿದ್ದ ಪದಬಂಧ ಸ್ಪರ್ಧೆಗೆ ಮುಂಬಯಿ ಪ್ರಾಂತ್ಯದಿಂದಲೂ ಪ್ರವೇಶಪತ್ರಗಳು ಬರುತ್ತಿದ್ದವು. ಮುಂಬಯಿ ಸರ್ಕಾರ ತೆರಿಗೆ ಕೇಳಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಜೂಜಿನ ಸ್ವರೂಪದ ಸ್ಪರ್ಧೆಯನ್ನು ವ್ಯಾಪಾರವೆಂದು ಸಂವಿಧಾನ ಕಾಪಾಡುವುದಿಲ್ಲ ಎಂದು 1957ರಲ್ಲಿ ತೀರ್ಪಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಬಂದಿದ್ದ ಬಹುಮಾನ ಸ್ಪರ್ಧೆಗಳ ಕಾಯ್ದೆ ಅಂಥ ಸ್ಪರ್ಧೆಗಳ ಬಹುಮಾನವನ್ನು ತಿಂಗಳಿಗೆ 1,000 ರೂಪಾಯಿಗೆ ಕಟ್ಟಿಹಾಕಿತ್ತು. ಮುಖ್ಯವಾಗಿ ಬುದ್ಧಿ, ಕೌಶಲವನ್ನು ಅವಲಂಬಿಸಿದ ಸ್ಪರ್ಧೆ ಮಾತ್ರ ಈ ಹಿಡಿತದಿಂದ ಹೊರಗೆ. ಟಿವಿಯವರು ಮೂರನೇ ತರಗತಿಯ ಮಗುವಿಗೂ ಗೊತ್ತಿರುವ ಪ್ರಶ್ನೆಯನ್ನಾದರೂ ಏಕೆ ಕೇಳುತ್ತಿದ್ದರು ಎಂದು ನಗುವವರು ಈ ತೀರ್ಪನ್ನು ನೆನೆಯಬೇಕು. ಅಷ್ಟು ಸುಲಭದ ಪ್ರಶ್ನೆಯಿಂದ ಅದು ಕೌಶಲದ ಆಟವಾದೀತೆ ಎಂಬುದು ಬೇರೆ ಮಾತು.

ಗಲ್ಲಿಗಲ್ಲಿಗೆ ಹಳದಿ ಬಣ್ಣದ ಎಸ್‌ಟಿಡಿ ಬೂತ್‌ಗಳು ಬಂದದ್ದು ಎಂಬತ್ತರ ದಶಕದ ಕೊನೆಯಿಂದ. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ ಬೆಂಗಳೂರಿನಲ್ಲೇ ಆರಂಭವಾಯಿತು. ‘ಕೌನ್ ಬನೇಗಾ ಕರೋಡ್‌ಪತಿ’ಯ ಮೊದಲ ಪ್ರಸಾರವೂ ಜುಲೈ 3ರಂದೇ, ಒಂದು ವರ್ಷ ಮುಂಚೆ. ಆಗ ಸೋಲು ಗೆಲುವು ಬೆರಳ ತುದಿಯಲ್ಲಿತ್ತು. ತಿರುಗಿಸುವ ಡಯಲಿನ ಫೋನ್ ಸೆಕೆಂಡಿಗೆ ಹತ್ತು ಮಿಡಿತ ಮಾತ್ರ ಕಳಿಸುತ್ತಿತ್ತು. ಸೊನ್ನೆಯೊಂದಕ್ಕೇ ಒಂದು ಸೆಕೆಂಡು ಬೇಕು. ರೀಡಯಲ್ ಗುಂಡಿ ಇದ್ದ ಪಕ್ಕದ ಮನೆಯವರು ಅಷ್ಟರಲ್ಲಿ ಎರಡು ಸಲ ಯತ್ನಿಸಿರುತ್ತಿದ್ದರು. ಲೈನು ಸಿಕ್ಕರೆ ಮೊದಲ ಮಾತು, ‘ರೇಡಿಯೊ ವಾಲ್ಯೂಮ್ ಕಡಿಮೆ ಮಾಡಿ’. ರೇಡಿಯೊದ ಸದ್ದು ಫೋನಿನೊಳಗೆ ಹೊಕ್ಕು, ಸ್ಟುಡಿಯೊಗೆ ಹೋಗಿ, ಮತ್ತೆ ರೇಡಿಯೊದಿಂದಲೇ ಹೊರಬಂದು ಕೀರಲಾಗುತ್ತಿತ್ತು. ಬಳಿಕ ‘ಎಲ್ಲಿಂದ?’ ‘ಆರ್‌ಪಿಸಿ ಲೇಔಟಿಂದ ಸಾರ್.’ ಬಡಾವಣೆಯ ಹೆಸರು ರೇಡಿಯೊದಲ್ಲಿ ಬಂತು ಎಂಬುದೇ ಟಿಕೆಟ್‌ಗಿಂತ ದೊಡ್ಡ ಬಹುಮಾನವಾಗಿತ್ತು.

ಮುಂದೆ ಕರೆಯೇ ಸರಕಾಯಿತು. ಬ್ರಿಟನ್ನಿನಲ್ಲಿ ವಿಜೇತರನ್ನು ಆರಿಸಿಯಾದ ಮೇಲೂ ಜನರಿಂದ ದುಬಾರಿ ಕರೆ ಮಾಡಿಸಿಕೊಂಡ ಜಿಎಂಟಿವಿಗೆ 2007ರಲ್ಲಿ 20 ಲಕ್ಷ ಪೌಂಡ್ ದಂಡ ಬಿತ್ತು. ಅದೇ ವರ್ಷ ನಮ್ಮಲ್ಲಿ ‘ಕರೋಡ್‌ಪತಿ’ ವೀಕ್ಷಕರಿಗೆಂದು ನಡೆದ ‘ಹರ್ ಸೀಟ್ ಹಾಟ್ ಸೀಟ್’ ಸ್ಪರ್ಧೆಗೆ ಒಂದು ಎಸ್‌ಎಂಎಸ್ ಬೆಲೆ 2 ರೂಪಾಯಿ 40 ಪೈಸೆ. ಬಹುಮಾನದ ಹಣ ಆ ಸಂದೇಶಗಳಿಂದಲೇ ಬರುತ್ತದೆಂಬುದನ್ನು ಜನರಿಗೆ ತಿಳಿಸಲಿಲ್ಲ ಎಂಬ ದೂರಿನ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಸ್ಟಾರ್ ಮತ್ತು ಏರ್‌ಟೆಲ್‌ಗೆ ಒಂದು ಕೋಟಿ ರೂಪಾಯಿ ದಂಡನಾ ಪರಿಹಾರ ವಿಧಿಸಿತು. ಸಾಕಷ್ಟು ಆಧಾರವಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು.

ಈ ಸ್ಪರ್ಧೆ ಮರಳಿ ಬರುತ್ತಿರುವುದಕ್ಕೆ ಹಳೆಯದರ ಮೋಹವೊಂದೇ ಕಾರಣವಲ್ಲ ಎಂದು ನನಗನಿಸುತ್ತದೆ. 2016ರ ನಂತರದ ಮೊಬೈಲ್ ಪ್ಯಾಕ್‌ಗಳಲ್ಲಿ ಮಾತಿನ ಕರೆಗೆ ಬೇರೆ ದುಡ್ಡಿಲ್ಲ. ‘ತೆತ್ತ ಹಣ’ ಎಂಬ ಮೂರನೆಯ ಕೊಂಡಿ ತಾನಾಗಿ ಕಳಚಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಾದರೋ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟದಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಮಾಡುವುದಿಲ್ಲ. ಹಣ ಕೇಳದ ಫೋನ್ ಕರೆಗೆ ಆ ಭಯವಿಲ್ಲ. ಜೊತೆಗೆ ಕರೆ ಮಾಡಿದವರ ನಗು, ತಡವರಿಕೆ, ಹಿಂದಿನಿಂದ ಕೇಳುವ ಕುಕ್ಕರ್ ಶಿಳ್ಳೆ, ಎಲ್ಲವೂ ಪ್ರಸಾರಕರಿಗೆ ಬಿಟ್ಟಿ ಸಿಗುವ ಕಾರ್ಯಕ್ರಮ.

ಬದಲಾಗದ ಸಂಗತಿ ಒಂದಿದೆ. ಒಂಬತ್ತನೆಯ ಕರೆ ಯಾವುದೆಂದು ಎಣಿಸುವವರು ಅಂದಿನಂತೆ ಇಂದೂ ಸ್ಟುಡಿಯೊದ ಒಳಗಿನವರೇ. ನಾಣ್ಯ ಹಿಡಿದು ನಿಂತ ಹುಡುಗನಿಗೆ ಕೇಳಿಸುತ್ತಿದ್ದದ್ದು ಎಂಗೇಜ್ ಸದ್ದು ಮಾತ್ರ.